ನಿಮಗಿದು ಗೊತ್ತೆ? ನಾಲ್ಕು ಹೆಸರಿನ ನಾಯಕ

ಪ್ಯಾರಿಸ್‌ನಲ್ಲಿ ಗಂಡನನ್ನು ಕಳೆದುಕೊಂಡ ಯುವತಿ, ಕಾಣೆಯಾದ ಎರಡೂವರೆ ಲಕ್ಷ ಡಾಲರ್, ನೆರವಿಗೆ ಬರುವ ಅಪರಿಚಿತ. 1963ರ ಡಿಸೆಂಬರ್‌ನಲ್ಲಿ ತೆರೆಕಂಡ ಹಾಲಿವುಡ್‌ನ 'ಷರೇಡ್' ಚಿತ್ರದಲ್ಲಿ ಪ್ರೇಮ, ನಗು, ಬೇಹುಗಾರಿಕೆ ಮೂರೂ ಹದವಾಗಿ ಬೆರೆತಿವೆ. ನಿರ್ದೇಶಕ ಸ್ಟಾನ್ಲಿ ಡೋನೆನ್.

ನಾಯಕ ಕ್ಯಾರಿ ಗ್ರಾಂಟ್ ಇಲ್ಲಿ ಒಂದಾದ ಮೇಲೊಂದರಂತೆ ನಾಲ್ಕು ಹೆಸರು ಹೇಳುತ್ತಾನೆ. ಅವನು ನಿಜಕ್ಕೂ ಯಾರು ಎಂಬುದು ಗೊತ್ತಾಗುವುದು ಕೊನೆಯಲ್ಲೇ!

ಗ್ರಾಂಟ್ ಹುಟ್ಟಿದ್ದು 1904ರಲ್ಲಿ, ನಾಯಕಿ ಆಡ್ರೆ ಹೆಪ್‌ಬರ್ನ್ 1929ರಲ್ಲಿ. 25 ವರ್ಷ ಕಿರಿಯಳ ಬೆನ್ನುಹತ್ತುವುದು ತನಗೆ ಶೋಭಿಸದು ಎಂದು ಗ್ರಾಂಟ್ ಹಿಂಜರಿದರು. ಆಗ ಚಿತ್ರಕಥೆಯನ್ನೇ ತಿರುಗಿಸಲಾಯಿತು: ನಾಯಕಿಯೇ ನಾಯಕನ ಹಿಂದೆ ಬೀಳುತ್ತಾಳೆ. ಚಿತ್ರದ ಅರ್ಧ ಲವಲವಿಕೆ ಹುಟ್ಟಿದ್ದೇ ಈ ಬದಲಾವಣೆಯಿಂದ.

ಬಿಡುಗಡೆಗೆ ಕೆಲವೇ ದಿನಗಳ ಮೊದಲು, ನವೆಂಬರ್ 22ರಂದು, ಅಧ್ಯಕ್ಷ ಕೆನೆಡಿ ಹತ್ಯೆಯಾಯಿತು. ಹತ್ಯೆ ಎಂಬರ್ಥದ ಪದವಿದ್ದ ಸಂಭಾಷಣೆಗೆ ತರಾತುರಿಯಲ್ಲಿ ಬೇರೆ ಪದವನ್ನು ಡಬ್ ಮಾಡಲಾಯಿತು.

ಎಲ್ಲಕ್ಕಿಂತ ಅಚ್ಚರಿಯ ಸಂಗತಿ ಟೈಟಲ್ ಕಾರ್ಡಿನಲ್ಲಿದೆ. ಅದರಲ್ಲಿ ವರ್ಷ, ಕಂಪನಿಗಳ ಹೆಸರು, 'ಎಲ್ಲ ಹಕ್ಕುಗಳನ್ನು ಕಾಯ್ದಿರಿಸಿದೆ' ಎಂಬ ಸಾಲು ಎಲ್ಲವೂ ಇದ್ದವು. ಇಲ್ಲದ್ದು 'ಕಾಪಿರೈಟ್' ಎಂಬ ಪದ ಅಥವಾ ಅದರ ಚಿಹ್ನೆ ಮಾತ್ರ. ಅಂದಿನ ಅಮೆರಿಕದ ಕಾನೂನಿಗೆ ಅದು ಕಡ್ಡಾಯವಾಗಿತ್ತು. ಪರಿಣಾಮ, ತೆರೆಕಂಡ ಕೂಡಲೇ ಚಿತ್ರ ಅಲ್ಲಿ ಸಾರ್ವಜನಿಕರ ಸ್ವತ್ತಾಯಿತು! ಮುಂದೆ ಹತ್ತಾರು ಕಂಪನಿಗಳು ಅದರ ವಿಡಿಯೊ, ಡಿವಿಡಿಗಳನ್ನು ಹೊರತಂದವು.

ಹೆಪ್‌ಬರ್ನ್‌ಗೆ ಈ ಪಾತ್ರ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿ ತಂದಿತು. ಹೆನ್ರಿ ಮಾನ್ಸಿನಿ ಸಂಗೀತದ ಶೀರ್ಷಿಕೆ ಗೀತೆ ಆಸ್ಕರ್‌ಗೆ ನಾಮನಿರ್ದೇಶನಗೊಂಡಿತ್ತು. 2002ರಲ್ಲಿ 'ದಿ ಟ್ರೂತ್ ಅಬೌಟ್ ಚಾರ್ಲಿ' ಹೆಸರಿನಲ್ಲಿ ಚಿತ್ರ ಮರುನಿರ್ಮಾಣವಾಯಿತು.