ಬಿಸಿಲಂಗಳಕ್ಕೆ ಯಾವ ಹೂಗಿಡ?

ಬೆಂಗಳೂರು, ಮೈಸೂರುಗಳಂತಹ ಹಿತವಾದ ಹವೆಯ ಊರುಗಳಲ್ಲಿ ಬಿಸಿಲು ಬೀಳುವ ಅಂಗಳವೊಂದಿದ್ದರೆ, ವರ್ಷವಿಡೀ ಹಸುರಾಗಿದ್ದು ಹೂ ಕೊಡುವ ಪೊದೆಗಳಿಗೆ ಕೊರತೆಯಿಲ್ಲ, ಆರಿಸುವುದೇ ಕಷ್ಟ. ಹಲವರ ಮನಸ್ಸು ಮೊದಲು ಕಣಗಿಲೆಯ ಕಡೆಗೆ ವಾಲುವುದು. ನೀರಿನ ಅಭಾವವನ್ನೂ ಧೂಳನ್ನೂ ಸಹಿಸಿ ಗೊಂಚಲು ಗೊಂಚಲಾಗಿ ಅರಳುವ ಅದರ ಗುಣವನ್ನು ಅಲ್ಲಗಳೆಯುವಂತಿಲ್ಲ. ಹೆದ್ದಾರಿಗಳ ನಡುವೆ ಅದನ್ನು ಬೆಳೆಸುವುದೂ ಇದಕ್ಕಾಗಿಯೇ. ಆದರೆ ಅದರ ಎಲೆ, ಹೂ, ತೊಗಟೆ, ಬೇರು ಸಮಸ್ತವೂ ಹೃದಯದ ಬಡಿತವನ್ನು ಕೆಡಿಸುವ ವಿಷ. ಒಣಗಿದರೂ ಆ ವಿಷ ಇಳಿಯದು. ಸವರಿದ ಕಡ್ಡಿಗಳನ್ನು ಒಲೆಗಿಟ್ಟರೆ ಹೊಗೆಯೂ ಅಪಾಯಕರವೇ. ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ಮಗುವೋ, ಹಗ್ಗ ಬಿಚ್ಚಿಕೊಂಡು ಮೇಯುವ ಕರುವೋ ಇರುವ ಮನೆಗೆ ಅದು ಸಲ್ಲದೆಂದೇ ನಮ್ಮ ಮತ.

ಅಂತಹ ಮನೆಗೆ ದಾಸವಾಳ ಲೇಸು. ಒಂದೊಂದು ಹೂ ಒಂದೇ ದಿನದ್ದಾದರೂ, ಹೊಸ ಚಿಗುರಿನಲ್ಲಿಯೇ ಮೊಗ್ಗು ಹುಟ್ಟುವುದರಿಂದ ಹದವರಿತು ಸವರಿದಷ್ಟೂ ಹೂ ಹೆಚ್ಚು. ಪೂಜೆಗೆ ಹೂವೂ ತಲೆಸ್ನಾನಕ್ಕೆ ಲೋಳೆಯ ಎಲೆಯೂ ಒದಗುವುವು. ಬಿಳಿಯ ಹಿಟ್ಟುತಿಗಣೆ ಹತ್ತಿದ ತುದಿಗಳನ್ನು ಮಾತ್ರ ಒಡನೆಯೇ ಕತ್ತರಿಸಿ ತೆಗೆಯತಕ್ಕದ್ದು.

ಜೊತೆಗೆ ಕೇಪಳವೂ ಇರಲಿ. ಅದಕ್ಕೆ ಸುಣ್ಣವಾಗದು, ಸುಣ್ಣದ ಗಾರೆಯ ಗೋಡೆಯ ಬುಡದಲ್ಲಿ ನೆಟ್ಟರೆ ನರಗಳು ಮಾತ್ರ ಹಸುರಾಗಿ ಉಳಿದು ಎಲೆಯೆಲ್ಲ ಹಳದಿಗಟ್ಟುವುದುಂಟು. ಗೋಡೆಯಿಂದ ಎರಡು ಮೊಳ ಈಚೆಗೆ, ಕೆಮ್ಮಣ್ಣಿಗೆ ಎಲೆಗೊಬ್ಬರ ಬೆರೆಸಿ, ಮಳೆಗಾಲದ ಮೊದಲಲ್ಲಿ ನೆಡುವುದು.