ಕ್ಲಸ್ಟರ್ ತಂತ್ರಾಂಶದ ಕೈಪಿಡಿಗಳು: ಕರಡು ತಿದ್ದುವವರ ಹೊಣೆ

ಅಚ್ಚಿನೊಳಗೆ ಕರಗಿದ ಲೋಹ ಹೇಗೆ ಹರಿದು ತುಂಬಿಕೊಳ್ಳುತ್ತದೆ, ಪಂಪಿನ ಒಳರೆಕ್ಕೆಯ ಮೇಲೆ ನೀರಿನ ಒತ್ತಡ ಎಲ್ಲಿ ಹೆಚ್ಚು ಬೀಳುತ್ತದೆ ಎಂಬಂಥ ವಿಚಾರಗಳನ್ನು ಮಾದರಿ ತಯಾರಿಸುವ ಮೊದಲೇ ಗಣಕಯಂತ್ರದಲ್ಲಿ ಲೆಕ್ಕಹಾಕಿ ನೋಡುವ ಪದ್ಧತಿ ಈಗ ಬೃಹತ್ ಕೈಗಾರಿಕೆಗಳಿಗಷ್ಟೇ ಸೀಮಿತವಾಗಿಲ್ಲ. ಸ್ವಂತ ಯಂತ್ರ ಕೊಳ್ಳಲಾಗದ ಸಣ್ಣ ಉದ್ಯಮಿಯೂ ಹಲವಾರು ಗಣಕಗಳನ್ನು ಒಂದಕ್ಕೊಂದು ಜೋಡಿಸಿದ ‘ಕ್ಲಸ್ಟರ್’ ಅಥವಾ ಗಣಕ ಸಮೂಹವನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಪಡೆಯಬಹುದಾಗಿದೆ. ಬಾಡಿಗೆಯ ಬಿಲ್ಲು ಬಂದಾಗ ಮಾತ್ರ ಕೆಲವೊಮ್ಮೆ ಅಚ್ಚರಿಯಾಗುತ್ತದೆ. ವಿಚಾರಿಸಿದರೆ ಯಂತ್ರ ಕೆಟ್ಟಿರುವುದಿಲ್ಲ, ತಂತ್ರಾಂಶದಲ್ಲಿ ದೋಷವಿರುವುದಿಲ್ಲ. ಕೈಪಿಡಿಯಲ್ಲಿ ಅಚ್ಚಾಗಿದ್ದ ಒಂದು ಸಾಲನ್ನು ಇದ್ದಂತೆಯೇ ನಕಲು ಮಾಡಿದ್ದೇ ಕಾರಣವಾಗಿರುತ್ತದೆ. ಇಂಥ ಕೈಪಿಡಿಗಳ ಕರಡು ತಿದ್ದುವ ಕೆಲಸ, ಅಂದರೆ ಪ್ರೂಫ್ ರೀಡಿಂಗ್, ಸಾಮಾನ್ಯ ಪುಸ್ತಕದ ಕರಡು ತಿದ್ದುವುದಕ್ಕಿಂತ ಯಾವ ರೀತಿಯಲ್ಲಿ ಬೇರೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಸರದಿ ನಿರ್ವಹಿಸುವ ತಂತ್ರಾಂಶ

ನೂರಾರು ಬಳಕೆದಾರರು ಒಂದೇ ಕ್ಲಸ್ಟರನ್ನು ಹಂಚಿಕೊಂಡಾಗ ಯಾರ ಕೆಲಸ ಯಾವ ಯಂತ್ರದಲ್ಲಿ, ಯಾವಾಗ, ಎಷ್ಟು ಹೊತ್ತು ನಡೆಯಬೇಕೆಂದು ತೀರ್ಮಾನಿಸುವ ವ್ಯವಸ್ಥೆ ಬೇಕಾಗುತ್ತದೆ. ಲಾರಿ ಬುಕಿಂಗ್ ಕಚೇರಿಯ ಗುಮಾಸ್ತರು ಸರಕಿನ ತೂಕ ಮತ್ತು ತಲುಪಬೇಕಾದ ಊರನ್ನು ಕೇಳಿ ವಾಹನ ಗೊತ್ತುಮಾಡುವಂತೆ, ಈ ತಂತ್ರಾಂಶವು ಕೆಲಸಕ್ಕೆ ಬೇಕಾದ ಪ್ರೊಸೆಸರುಗಳು, ಮೆಮೊರಿ ಮತ್ತು ಕಾಲಾವಧಿಯನ್ನು ಕೇಳಿ ಸರದಿಯಲ್ಲಿ ಸ್ಥಾನ ನೀಡುತ್ತದೆ. ಎರಡು ದೊಡ್ಡ ಕೆಲಸಗಳ ನಡುವಿನ ಬಿಡುವಿನಲ್ಲಿ ಹಿಡಿಸುವ ಚಿಕ್ಕ ಕೆಲಸಗಳನ್ನು ತುಂಬುವುದೂ ಅದರ ಜಾಣ್ಮೆಯ ಭಾಗ. ಆದ್ದರಿಂದಲೇ ಅಗತ್ಯಕ್ಕಿಂತ ಹೆಚ್ಚು ಕಾಲ ಕೇಳಿದ ಕೆಲಸ ಸರದಿಯಲ್ಲಿ ಹೆಚ್ಚು ದಿನ ಕಾಯಬೇಕಾದೀತು.

ಈ ಕ್ಷೇತ್ರದಲ್ಲಿ ಎರಡು ಹೆಸರುಗಳು ಮುಖ್ಯ. ಒಂದು, ಅಮೆರಿಕದ ನಾಸಾ ಸಂಸ್ಥೆಯ ಏಮ್ಸ್ ಸಂಶೋಧನಾ ಕೇಂದ್ರದಲ್ಲಿ 1990ರ ದಶಕದಲ್ಲಿ ರೂಪುಗೊಂಡ ಪಿಬಿಎಸ್. ಇದರ ವಾಣಿಜ್ಯ ಆವೃತ್ತಿಯನ್ನು ಆಲ್ಟೇರ್ ಸಂಸ್ಥೆಯು 2003ರಲ್ಲಿ ಕೊಂಡುಕೊಂಡಿತು. ಇನ್ನೊಂದು, ಲಾರೆನ್ಸ್ ಲಿವರ್‌ಮೋರ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ 2002ರ ಸುಮಾರಿಗೆ ಆರಂಭವಾದ, ಮುಕ್ತ ಪರವಾನಗಿಯ ಸ್ಲರ್ಮ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಕಾರ್ಯಾರಂಭ ಮಾಡಿದ 3.3 ಪೆಟಾಫ್ಲಾಪ್ ಸಾಮರ್ಥ್ಯದ ಪರಮ್ ಪ್ರವೇಗದಲ್ಲಿ ಕೆಲಸಗಳ ಸರದಿ ನೋಡಿಕೊಳ್ಳುವುದು ಸ್ಲರ್ಮ್. ಅಮೆಜಾನ್ ಸಂಸ್ಥೆಯ ಬಾಡಿಗೆ ಗಣಕಗಳ ಮೇಲೆ ಪ್ಯಾರಲಲ್‌ಕ್ಲಸ್ಟರ್ ಮೂಲಕ ಸಮೂಹ ಕಟ್ಟಿಕೊಳ್ಳುವವರಿಗೂ ಇದೇ ತಂತ್ರಾಂಶ ಲಭ್ಯ.

ಮೂಲ ಕೈಪಿಡಿಗಳನ್ನು ತಂತ್ರಾಂಶದ ತಯಾರಕರೇ ಬರೆಯುತ್ತಾರೆ. ಆದರೆ ಬಳಕೆದಾರನ ಕೈಗೆ ಸಾಮಾನ್ಯವಾಗಿ ಸಿಗುವುದು ಅವುಗಳಿಂದ ಆಯ್ದು, ಸೇವೆ ನೀಡುವವರು ತಮ್ಮ ಯಂತ್ರಕ್ಕೆ ಹೊಂದಿಸಿ ತಯಾರಿಸಿದ ಕಿರುಹೊತ್ತಗೆ. ತಪ್ಪುಗಳು ಹೆಚ್ಚಾಗಿ ನುಸುಳುವುದು ಈ ಎರಡನೆಯ ಹಂತದಲ್ಲಿ.

ಕಾಗುಣಿತ ಸರಿ, ಅರ್ಥ ತಪ್ಪು

ಮೂಲದಲ್ಲಿ ಆದೇಶಗಳು ರೋಮನ್ ಲಿಪಿಯಲ್ಲಿರುತ್ತವೆ. ಓದುವ ಅನುಕೂಲಕ್ಕಾಗಿ ಇಲ್ಲಿ ಕನ್ನಡ ಲಿಪಿಯಲ್ಲಿ ಕೊಡಲಾಗಿದೆ.

ಪಿಬಿಎಸ್‌ನಲ್ಲಿ ಕೆಲಸದ ಕಾಲಮಿತಿಯನ್ನು ‘ವಾಲ್‌ಟೈಮ್=3600’ ಎಂದು ಬರೆದರೆ 3600 ಸೆಕೆಂಡುಗಳು, ಅಂದರೆ ಒಂದು ಗಂಟೆ ಎಂದರ್ಥ. ಸ್ಲರ್ಮ್‌ನಲ್ಲಿ ಬರಿಯ ಸಂಖ್ಯೆ ಬರೆದರೆ ಅದು ನಿಮಿಷಗಳ ಲೆಕ್ಕ. ಹಳೆಯ ಪಿಬಿಎಸ್ ಹೊತ್ತಗೆಯನ್ನು ಸ್ಲರ್ಮ್‌ಗೆ ಬದಲಿಸುವವರು ಆದೇಶದ ಹೆಸರನ್ನು ಮಾತ್ರ ತಿದ್ದಿ ‘ಟೈಮ್=3600’ ಎಂದು ಉಳಿಸಿದರೆ ಕಾಲಮಿತಿ 60 ಗಂಟೆಗಳಾಗುತ್ತದೆ. ಕೆಲಸ ಸರಿಯಾಗಿ ನಡೆದು ತಾನಾಗಿ ಮುಗಿದರೆ ಈ ತಪ್ಪಿನಿಂದ ಸರದಿಯಲ್ಲಿ ಕಾಯುವ ಅವಧಿ ಹೆಚ್ಚಬಹುದು, ಅಷ್ಟೇ. ಲೆಕ್ಕಾಚಾರ ನಡುವೆ ಎಲ್ಲೋ ಸಿಕ್ಕಿಕೊಂಡು ನಿಂತರೆ ಮಾತ್ರ ಪರಿಸ್ಥಿತಿ ಬೇರೆ. 64 ಕೋರ್‌ಗಳ ಮೇಲೆ ಒಂದು ಗಂಟೆಯ ಮಿತಿಯಿದ್ದರೆ ನಷ್ಟ 64 ಕೋರ್-ಗಂಟೆಗಳಿಗೆ ನಿಲ್ಲುತ್ತದೆ. 60 ಗಂಟೆಗಳ ಮಿತಿಯಿದ್ದರೆ 3,840 ಕೋರ್-ಗಂಟೆಗಳವರೆಗೆ ಬಾಡಿಗೆ ಓಡುತ್ತಿರುತ್ತದೆ. ಶನಿವಾರ ಸಂಜೆ ಕೆಲಸ ಒಪ್ಪಿಸಿ ಮನೆಗೆ ಹೋದವರಿಗೆ ಸೋಮವಾರ ಬೆಳಿಗ್ಗೆಯೇ ವಿಷಯ ತಿಳಿಯುವುದು.

ಕಾಲವನ್ನು ಬರೆಯುವ ರೀತಿಯಲ್ಲಿ ಇನ್ನೊಂದು ತೊಡಕಿದೆ. ಸ್ಲರ್ಮ್‌ನಲ್ಲಿ ‘2:30’ ಎಂದರೆ ಎರಡು ನಿಮಿಷ ಮೂವತ್ತು ಸೆಕೆಂಡು. ಅದೇ ‘1-2:30’ ಎಂದರೆ ಒಂದು ದಿನ, ಎರಡು ಗಂಟೆ, ಮೂವತ್ತು ನಿಮಿಷ. ಹಿಂದೆ ದಿನದ ಅಂಕಿ ಮತ್ತು ಅಡ್ಡಗೆರೆ ಬಂದ ಕೂಡಲೇ ಮುಂದಿನ ಅಂಕಿಗಳ ಅರ್ಥವೇ ಬದಲಾಗುತ್ತದೆ. ಎರಡೂವರೆ ಗಂಟೆ ಬೇಕಿದ್ದವನು ‘2:30:00’ ಎಂದು ಬರೆಯಬೇಕು. ಕರಡಿನಲ್ಲಿ ಕೊನೆಯ ಎರಡು ಸೊನ್ನೆ ಬಿಟ್ಟುಹೋದರೆ ಓದುವವರ ಕಣ್ಣಿಗೆ ಏನೂ ತಪ್ಪಾಗಿ ಕಾಣುವುದಿಲ್ಲ. ಕೆಲಸ ಮಾತ್ರ ಕೆಲವೇ ನಿಮಿಷಗಳಲ್ಲಿ ‘ಅವಧಿ ಮುಗಿಯಿತು’ ಎಂದು ನಿಂತುಹೋಗುತ್ತದೆ. ಮೆಮೊರಿಯ ವಿಷಯವೂ ಇದೇ. ‘ಮೆಮ್=16ಜಿ’ ಎಂದರೆ 16 ಗಿಗಾಬೈಟ್; ‘ಜಿ’ ಅಕ್ಷರ ಬಿದ್ದುಹೋದರೆ ಸ್ಲರ್ಮ್ ಅದನ್ನು 16 ಮೆಗಾಬೈಟ್ ಎಂದು ಗಣಿಸುತ್ತದೆ. ಇದಲ್ಲದೆ ಈ ಪ್ರಮಾಣ ಒಂದೊಂದು ಯಂತ್ರಕ್ಕೆ ಕೇಳಿದ್ದೋ ಒಂದೊಂದು ಪ್ರೊಸೆಸರಿಗೆ ಕೇಳಿದ್ದೋ ಎಂಬುದಕ್ಕೆ ಎರಡು ಬೇರೆ ಬೇರೆ ಆದೇಶಗಳಿವೆ. ಕೈಪಿಡಿಯ ವಾಕ್ಯ ಒಂದನ್ನು ಹೇಳಿ ಉದಾಹರಣೆ ಇನ್ನೊಂದನ್ನು ತೋರಿಸುವುದು ಅಪರೂಪವಲ್ಲ.

ಒಂದೇ ಲೆಕ್ಕವನ್ನು ಬೇರೆ ಬೇರೆ ಅಳತೆಗಳಿಗೆ ಮಾಡಿ ನೋಡುವ ಸಂದರ್ಭವನ್ನು ಗಮನಿಸಬಹುದು. ಅಚ್ಚಿನ 16 ವಿನ್ಯಾಸಗಳನ್ನು ಪರೀಕ್ಷಿಸಬೇಕಾಗಿದೆ, ಆದರೆ ಒಮ್ಮೆಗೆ ನಾಲ್ಕಕ್ಕಿಂತ ಹೆಚ್ಚು ನಡೆಯಕೂಡದು ಎಂದಾದರೆ ‘0-15%4’ ಎಂದು ಬರೆಯಲಾಗುತ್ತದೆ. ಇಲ್ಲಿರುವ ಶೇಕಡಾ ಚಿಹ್ನೆಗೂ ಶೇಕಡಾವಾರು ಲೆಕ್ಕಕ್ಕೂ ಸಂಬಂಧವಿಲ್ಲ. ಅದರ ಜಾಗದಲ್ಲಿ ಕೋಲನ್ ಬಿದ್ದು ‘0-15:4’ ಆದರೆ ಅದೂ ಸಿಂಧುವಾದ ಆದೇಶವೇ. ಅರ್ಥ ಮಾತ್ರ ‘ನಾಲ್ಕರ ಅಂತರದಲ್ಲಿ’ ಎಂದಾಗಿ 0, 4, 8, 12 ಎಂಬ ನಾಲ್ಕು ವಿನ್ಯಾಸಗಳಷ್ಟೇ ನಡೆಯುತ್ತವೆ. ಯಂತ್ರ ತಪ್ಪೆಂದು ಹೇಳುವುದಿಲ್ಲ. ಉಳಿದ ಹನ್ನೆರಡು ವಿನ್ಯಾಸಗಳನ್ನು ಪರೀಕ್ಷಿಸಲೇ ಇಲ್ಲವೆಂಬುದು ಫಲಿತಾಂಶದ ಕಡತಗಳನ್ನು ಎಣಿಸಿದವರಿಗೆ ಮಾತ್ರ ಗೊತ್ತಾದೀತು.

ತಿದ್ದಬಾರದ್ದನ್ನು ತಿದ್ದುವುದು

ಒಳ್ಳೆಯ ಇಂಗ್ಲಿಷ್ ಬಲ್ಲ ಕರಡು ತಿದ್ದುವವರೇ ಇಲ್ಲಿ ಹೆಚ್ಚು ಹಾನಿ ಮಾಡಬಲ್ಲರೆಂಬುದು ವಿಚಿತ್ರವಾದರೂ ನಿಜ. ಸ್ಲರ್ಮ್ ರದ್ದಾದ ಕೆಲಸದ ಸ್ಥಿತಿಯನ್ನು ‘ಕ್ಯಾನ್ಸಲ್ಡ್’ ಎಂದು ತೋರಿಸುವಾಗ ಎರಡು ‘ಎಲ್’ ಅಕ್ಷರಗಳನ್ನು ಬಳಸುತ್ತದೆ. ಅಮೆರಿಕದ ನಿಘಂಟುಗಳು ಒಂದೇ ‘ಎಲ್’ ಇರುವ ರೂಪಕ್ಕೆ ಆದ್ಯತೆ ಕೊಡುತ್ತವೆ. ಕೈಪಿಡಿಯ ಉಳಿದ ಭಾಗ ಅಮೆರಿಕನ್ ಕಾಗುಣಿತದಲ್ಲಿದೆಯೆಂದು ಇದನ್ನೂ ತಿದ್ದಿದರೆ, ಆ ಪದವನ್ನು ಹುಡುಕುವಂತೆ ಬರೆದ ಬಳಕೆದಾರನ ಕಿರುಕಾರ್ಯಕ್ರಮಕ್ಕೆ ರದ್ದಾದ ಕೆಲಸಗಳು ಕಾಣುವುದೇ ಇಲ್ಲ.

ಪದಗಳನ್ನು ಬದಲಿಸಿ ಬರೆಯುವ ಶೈಲಿಯೂ ಇಲ್ಲಿ ಸಲ್ಲದು. ಸಾಹಿತ್ಯದಲ್ಲಿ ಒಂದೇ ಪದ ಪದೇಪದೇ ಬರುವುದು ದೋಷ. ಕೈಪಿಡಿಯಲ್ಲಿ ಅದೇ ಗುಣ. ಸ್ಲರ್ಮ್‌ನ ಪರಿಭಾಷೆಯಲ್ಲಿ ‘ಜಾಬ್’ ಎಂದರೆ ಬಳಕೆದಾರನಿಗೆ ಇಂತಿಷ್ಟು ಕಾಲಕ್ಕೆ ದೊರೆತ ಯಂತ್ರಸಂಪತ್ತು. ‘ಸ್ಟೆಪ್’ ಎಂದರೆ ಅದರೊಳಗೆ ನಡೆಯುವ ಒಂದು ಹಂತ. ‘ಟಾಸ್ಕ್’ ಎಂದರೆ ಆ ಹಂತದಲ್ಲಿ ಓಡುವ ಒಂದೊಂದು ಪ್ರಕ್ರಿಯೆ. ಮೂರನ್ನೂ ಅದಲುಬದಲು ಮಾಡಿ ವಾಕ್ಯವನ್ನು ಚೆಂದಗೊಳಿಸಿದರೆ ಅರ್ಥ ಕೆಡುತ್ತದೆ. ಆದೇಶದ ಚಿಕ್ಕ ರೂಪಗಳಲ್ಲಂತೂ ಸಣ್ಣ ‘ಎನ್’ ಟಾಸ್ಕುಗಳ ಸಂಖ್ಯೆಯನ್ನೂ ದೊಡ್ಡ ‘ಎನ್’ ಯಂತ್ರಗಳ ಸಂಖ್ಯೆಯನ್ನೂ ಸೂಚಿಸುತ್ತದೆ. ವಾಕ್ಯದ ಆರಂಭದಲ್ಲಿ ದೊಡ್ಡಕ್ಷರ ಬರಬೇಕೆಂಬ ವ್ಯಾಕರಣದ ನಿಯಮವನ್ನು ಇಲ್ಲಿ ಅನ್ವಯಿಸಿದವರು, ಒಂದು ಯಂತ್ರದಲ್ಲಿ ಹಿಡಿಸಬಹುದಾಗಿದ್ದ 16 ಟಾಸ್ಕುಗಳ ಬದಲು 16 ಯಂತ್ರಗಳನ್ನೇ ಕೇಳಿದಂತಾಗುತ್ತದೆ.

ಇನ್ನು ಪುಟವಿನ್ಯಾಸದ ತಂತ್ರಾಂಶಗಳು ತಾವಾಗಿಯೇ ಮಾಡುವ ‘ತಿದ್ದುಪಡಿ’ಗಳು ಬೇರೆ. ಆದೇಶದ ಮುಂದಿನ ಎರಡು ಕಿರುಗೆರೆಗಳನ್ನು ಕೂಡಿಸಿ ಒಂದು ಉದ್ದಗೆರೆ ಮಾಡುವುದು, ನೇರ ಉದ್ಧರಣ ಚಿಹ್ನೆಯನ್ನು ಬಾಗಿಸುವುದು ಇವೆಲ್ಲ ಮುದ್ರಣದಲ್ಲಿ ಅಂದವಾಗಿ ಕಾಣುತ್ತವೆ. ನಕಲು ಮಾಡಿ ಯಂತ್ರಕ್ಕೆ ಕೊಟ್ಟರೆ ನಡೆಯುವುದಿಲ್ಲ. ನಡೆಯದಿರುವುದು ಒಂದು ರೀತಿಯಲ್ಲಿ ವಾಸಿ, ತಪ್ಪು ಅಲ್ಲೇ ಗೊತ್ತಾಗುತ್ತದೆ. ಸದ್ದಿಲ್ಲದ ತಪ್ಪುಗಳೇ ಅಪಾಯಕರ. ಸ್ಲರ್ಮ್‌ಗೆ ಕೊಡುವ ಸೂಚನೆಗಳು ‘#ಎಸ್‌ಬ್ಯಾಚ್’ ಎಂದು ಆರಂಭವಾಗಬೇಕು. ಚಿಹ್ನೆ ಮತ್ತು ಪದದ ನಡುವೆ ಒಂದು ತೆರಪು ಬಿದ್ದರೆ ತಂತ್ರಾಂಶ ಅದನ್ನು ಬರಿಯ ಟಿಪ್ಪಣಿಯೆಂದು ಭಾವಿಸಿ ಮುಂದೆ ಸಾಗುತ್ತದೆ. ಕೆಲಸದ ಮೊದಲ ಆದೇಶ ಬಂದ ನಂತರ ಬರೆದ ಸೂಚನೆಗಳನ್ನೂ ಅದು ಗಣನೆಗೆ ತೆಗೆದುಕೊಳ್ಳುವುದಿಲ್ಲ. ಎರಡೂ ಸಂದರ್ಭಗಳಲ್ಲಿ ಎಚ್ಚರಿಕೆಯ ಸಂದೇಶ ಬರುವುದಿಲ್ಲ.

ಸಾಲು ಮುರಿಯುವ ಜಾಗವೂ ಮುಖ್ಯ. ‘ಸ್ಕ್ಯಾನ್ಸಲ್’ ಎಂಬ ಆದೇಶದೊಡನೆ ಬಳಕೆದಾರನ ಹೆಸರನ್ನೂ, ‘ಇನ್ನೂ ಕಾಯುತ್ತಿರುವ ಕೆಲಸಗಳು ಮಾತ್ರ’ ಎಂಬ ನಿಬಂಧನೆಯನ್ನೂ ಕೊಡುವ ಉದಾಹರಣೆ ಇದೆಯೆನ್ನೋಣ. ಎರಡು ಅಂಕಣದ ಪುಟದಲ್ಲಿ ಜಾಗ ಸಾಲದೆ ನಿಬಂಧನೆ ಕೆಳಗಿನ ಸಾಲಿಗೆ ಇಳಿದರೆ ನಕಲು ಮಾಡಿದವನು ಮೊದಲ ಸಾಲನ್ನಷ್ಟೇ ಒಪ್ಪಿಸಿದಂತಾಗುತ್ತದೆ. ಆಗ ಕಾಯುತ್ತಿರುವ ಕೆಲಸಗಳ ಜೊತೆಗೆ ಎರಡು ದಿನಗಳಿಂದ ಓಡುತ್ತಿರುವ ಕೆಲಸವೂ ರದ್ದಾಗುತ್ತದೆ. ಉದ್ದದ ಆದೇಶವನ್ನು ಮುರಿಯಲೇಬೇಕಾದಾಗ ಸಾಲಿನ ಕೊನೆಯಲ್ಲಿ ಹಿಮ್ಮುಖ ಓರೆಗೆರೆ ಇದೆಯೇ, ಅದರ ಮುಂದೆ ತೆರಪು ಉಳಿದಿಲ್ಲವೇ ಎಂದು ನೋಡುವುದು ಕರಡು ತಿದ್ದುವವರ ಕರ್ತವ್ಯ. ಇದನ್ನು ಪುಟ ಕಟ್ಟಿದ ಮೇಲೆ ನೋಡಬೇಕೇ ಹೊರತು ಹಸ್ತಪ್ರತಿಯಲ್ಲಲ್ಲ.

ಅಕ್ಷರ ಬದಲಾಗದೆ ಕೆಡುವ ಕೈಪಿಡಿ

ಸ್ಲರ್ಮ್‌ನ ಆವೃತ್ತಿಗಳಿಗೆ ವರ್ಷ ಮತ್ತು ತಿಂಗಳನ್ನೇ ಹೆಸರಾಗಿ ಇಡಲಾಗುತ್ತದೆ. 22.05 ಎಂದರೆ 2022ರ ಮೇ ತಿಂಗಳದು. ಅದಕ್ಕೆ ಮೊದಲು, ಪ್ರತಿ ಟಾಸ್ಕಿಗೆ ಎಷ್ಟು ಪ್ರೊಸೆಸರ್ ಬೇಕೆಂದು ಜಾಬಿನ ಆರಂಭದಲ್ಲಿ ಒಮ್ಮೆ ಹೇಳಿದರೆ ಒಳಗಿನ ‘ಎಸ್‌ರನ್’ ಆದೇಶ ಆ ಸಂಖ್ಯೆಯನ್ನು ತಾನಾಗಿ ಪಡೆದುಕೊಳ್ಳುತ್ತಿತ್ತು. 22.05ರಲ್ಲಿ ಈ ನಡವಳಿಕೆ ಬದಲಾಗಿ ಸಂಖ್ಯೆಯನ್ನು ಎಸ್‌ರನ್‌ಗೆ ಮತ್ತೊಮ್ಮೆ ಹೇಳಬೇಕಾಯಿತು. 2021ರಲ್ಲಿ ಪೂರ್ಣವಾಗಿ ಸರಿಯಿದ್ದ ಕೈಪಿಡಿ ಮರುವರ್ಷ ಒಂದಕ್ಷರವೂ ಬದಲಾಗದೆ ತಪ್ಪಾಯಿತು. ಕಾದಿರಿಸಿದ ಪ್ರೊಸೆಸರುಗಳಿಗೆಲ್ಲ ಬಾಡಿಗೆ, ದುಡಿಯುವುದು ಕೆಲವೇ ಎಂಬ ಸ್ಥಿತಿ ಹೀಗೆ ಉಂಟಾಗಬಹುದು. ಆದಕಾರಣ ಆವೃತ್ತಿಯ ಸಂಖ್ಯೆಯಿಲ್ಲದ ಕೈಪಿಡಿಯನ್ನು, ಅದರ ಮುದ್ರಣ ಎಷ್ಟೇ ಸೊಗಸಾಗಿದ್ದರೂ, ನೆಚ್ಚಿಕೊಳ್ಳುವಂತಿಲ್ಲ.

ಪರಿಶೀಲನೆಯ ಕ್ರಮ

ಹಳೆಯ ಮುದ್ರಣಾಲಯಗಳಲ್ಲಿ ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಕರಡನ್ನು ಹಿಡಿದು ನೋಡುವುದು ರೂಢಿಯಲ್ಲಿತ್ತು. ಆದೇಶಗಳ ಸಾಲುಗಳಿಗೆ ಈ ಪದ್ಧತಿ ಇಂದಿಗೂ ಉಪಯುಕ್ತ. ‘ಕಿರುಗೆರೆ, ಕಿರುಗೆರೆ, ಸಮಚಿಹ್ನೆ’ ಎಂದು ಒಂದೊಂದನ್ನೂ ಉಚ್ಚರಿಸಿದಾಗ ಕಣ್ಣು ತಪ್ಪಿಸಿದ್ದನ್ನು ಕಿವಿ ಹಿಡಿಯುತ್ತದೆ. ಆದರೆ ಮೂಲಪ್ರತಿಯೇ ತಪ್ಪಾಗಿದ್ದರೆ ಇದರಿಂದ ಫಲವಿಲ್ಲ. ಆದುದರಿಂದ ಪ್ರತಿಯೊಂದು ಉದಾಹರಣೆಯನ್ನೂ ಅಚ್ಚಿಗೆ ಸಿದ್ಧವಾದ ಪುಟದಿಂದಲೇ ನಕಲು ಮಾಡಿ ನಿಜವಾದ ಯಂತ್ರದಲ್ಲಿ ನಡೆಸಿ ನೋಡತಕ್ಕದ್ದು. ಸ್ಲರ್ಮ್‌ನಲ್ಲಿ ‘ಟೆಸ್ಟ್-ಓನ್ಲಿ’ ಎಂಬ ಸೌಲಭ್ಯವಿದೆ. ಕೆಲಸವನ್ನು ಒಪ್ಪಿಸದೆಯೇ ಕಡತ ಸರಿಯಾಗಿದೆಯೇ, ಯಾವಾಗ ಸರದಿ ಬಂದೀತು ಎಂಬುದನ್ನು ಅದು ತಿಳಿಸುತ್ತದೆ. ಇದರಿಂದ ಉದ್ದಗೆರೆಯಂಥ ದೋಷಗಳು ಸಿಕ್ಕಿಬೀಳುತ್ತವೆ. 3600 ನಿಮಿಷವೋ ಸೆಕೆಂಡೋ ಎಂಬ ಪ್ರಶ್ನೆಗೆ ಅದು ಉತ್ತರಿಸಲಾರದು. ಎರಡೂ ಅದಕ್ಕೆ ಸರಿಯೇ. ಅಲ್ಲಿ ಬರೆದವರ ಉದ್ದೇಶವೇನೆಂದು ಕೇಳಿ ತಿಳಿಯಬೇಕು. ವಾಕ್ಯದಲ್ಲಿ ‘ಒಂದು ಗಂಟೆ’ ಎಂದೂ ಉದಾಹರಣೆಯಲ್ಲಿ ‘1:00:00’ ಎಂದೂ ಎರಡು ಕಡೆ ಬರೆಯುವ ಪದ್ಧತಿ ಇಟ್ಟುಕೊಂಡರೆ ಒಂದರ ತಪ್ಪನ್ನು ಇನ್ನೊಂದು ತೋರಿಸಿಕೊಡುತ್ತದೆ.

ಯಂತ್ರೋಪಕರಣಗಳನ್ನು ಮಾರುವ ಸಣ್ಣ ತಯಾರಕರಿಗೆ ಈ ಕ್ರಮ ಅಪರಿಚಿತವೇನಲ್ಲ. ಬೋಲ್ಟು ಬಿಗಿಯುವ ಪ್ರಮಾಣವನ್ನು ಕಿಲೋಗ್ರಾಂ-ಮೀಟರಿನ ಬದಲು ನ್ಯೂಟನ್-ಮೀಟರ್ ಎಂದು ಅಚ್ಚುಮಾಡಿದರೆ ಬಿಗಿತ ಸುಮಾರು ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅಲ್ಲಿಯೂ ಕಾಗುಣಿತ ಸರಿಯಾಗಿಯೇ ಇರುತ್ತದೆ.

ಕ್ಲಸ್ಟರ್ ಸೇವೆಯನ್ನು ಬಾಡಿಗೆಗೆ ಪಡೆಯುವವರು ಒಪ್ಪಂದಕ್ಕೆ ಮುನ್ನ ಕೆಲವು ವಿಷಯಗಳನ್ನು ಕೇಳಬಹುದು. ಕೈಪಿಡಿ ಯಾವ ಆವೃತ್ತಿಗೆ ಸಂಬಂಧಿಸಿದ್ದು, ಉದಾಹರಣೆಗಳನ್ನು ಕೊನೆಯದಾಗಿ ನಡೆಸಿ ನೋಡಿದ ದಿನಾಂಕ ಯಾವುದು, ಮುದ್ರಿತ ಹೊತ್ತಗೆಯ ಜೊತೆಗೆ ಆದೇಶಗಳನ್ನು ಪ್ರತ್ಯೇಕ ಕಡತಗಳಾಗಿ ಕೊಡುತ್ತಾರೆಯೇ, ತಪ್ಪು ಕಂಡುಬಂದಾಗ ಎಲ್ಲ ಗ್ರಾಹಕರಿಗೂ ತಿಳಿಸುವ ಏರ್ಪಾಡಿದೆಯೇ ಎಂಬುವು ಅವುಗಳಲ್ಲಿ ಮುಖ್ಯ. ಕೈಪಿಡಿಯ ಉದಾಹರಣೆಯನ್ನು ಇದ್ದಂತೆ ಅನುಸರಿಸಿ ಬಂದ ಹೆಚ್ಚುವರಿ ಬಾಡಿಗೆಯನ್ನು ಯಾರು ಭರಿಸಬೇಕೆಂಬುದನ್ನೂ ಒಪ್ಪಂದದಲ್ಲಿಯೇ ನಮೂದಿಸುವುದು ಉಚಿತ. ತಮ್ಮ ಕಾರ್ಖಾನೆಯ ಬಳಕೆಗೆ ಕೈಪಿಡಿಯನ್ನು ಕನ್ನಡದಲ್ಲಿ ಬರೆಸಿಕೊಳ್ಳುವವರು ವಿವರಣೆಯನ್ನು ಮಾತ್ರ ಅನುವಾದಿಸಿ, ಆದೇಶದ ಸಾಲುಗಳನ್ನು ಮೂಲ ಲಿಪಿಯಲ್ಲಿಯೇ ಬಿಡಬೇಕು. ಕರಡು ತಿದ್ದುವವರಿಗೆ ಕಾಗದದ ಜೊತೆಗೆ ಯಂತ್ರದಲ್ಲಿ ಒಂದು ಪರೀಕ್ಷಾ ಖಾತೆಯನ್ನೂ ತೆರೆದುಕೊಡಬೇಕಾಗುತ್ತದೆ. ಅದರ ಬಾಡಿಗೆ ಕೆಲವೇ ಗಂಟೆಗಳದ್ದು. ಅದನ್ನು ಮುದ್ರಣದ ಖರ್ಚಿನಲ್ಲಿಯೇ ಸೇರಿಸಿ ಲೆಕ್ಕಹಾಕುವುದು ಅನುಕೂಲ.