ಕ್ಯೋಟೊದಲ್ಲಿ ಎರಡೇ ದಿನವೇ? ದಿಕ್ಕು ಹಿಡಿದು ಸುತ್ತಿ!

ಯಜಮಾನರಿಗೆ ಒಸಾಕಾದಲ್ಲಿ ಆಫೀಸ್ ಕೆಲಸ, ಜೊತೆಗೆ ನಿಮಗೂ ಟಿಕೆಟ್. ಅಥವಾ ಟೋಕಿಯೊದಲ್ಲಿರುವ ಮಗಳ ಮನೆಗೆ ಹೊರಟಿದ್ದೀರಿ. ಅಷ್ಟು ದೂರ ಹೋಗಿ ಕ್ಯೋಟೊ ನೋಡದೆ ಬರೋದುಂಟೇ? ಆದರೆ ಸಿಗೋದು ಎರಡೇ ದಿನ.

ಊರೋ, 794ರಿಂದ ಸಾವಿರ ವರ್ಷಕ್ಕೂ ಹೆಚ್ಚು ಕಾಲ ಜಪಾನಿನ ರಾಜಧಾನಿಯಾಗಿದ್ದದ್ದು. ಬೌದ್ಧ ದೇಗುಲಗಳೇ ಸಾವಿರಕ್ಕೂ ಮಿಕ್ಕಿವೆ. ಎಲ್ಲ ನೋಡಿಬಿಡ್ತೀನಿ ಅಂತ ಹೊರಟರೆ ಅರ್ಧ ದಿನ ಬಸ್ಸಿನಲ್ಲೇ ಕಳೆದೀತು. ಹಾಗಾಗಿ ಪಟ್ಟಿ ಮಾಡುವ ಮೊದಲು ಭೂಪಟ ಬಿಡಿಸಿ. ಒಂದು ಹೊತ್ತಿಗೆ ಒಂದೇ ದಿಕ್ಕು ಇಟ್ಟುಕೊಳ್ಳಿ. ಹೆಚ್ಚಿನ ದೇಗುಲಗಳು ಸಂಜೆ ಐದರ ಹೊತ್ತಿಗೆ ಬಾಗಿಲು ಹಾಕುತ್ತವೆ. ಬೇಗ ಎದ್ದವರಿಗೇ ಲಾಭ.

ಮೊದಲ ದಿನ: ಪೂರ್ವ

ಕಿಯೊಮಿಝು ದೇಗುಲ ಬೆಳಿಗ್ಗೆ ಆರಕ್ಕೇ ತೆರೆಯುತ್ತದೆ. ಬೆಟ್ಟದ ಅಂಚಿನಲ್ಲಿ ಸುಮಾರು 13 ಮೀಟರ್ ಎತ್ತರದ ಮರದ ಜಗಲಿ; ಅಲ್ಲಿ ನಿಂತರೆ ಊರೆಲ್ಲಾ ಕಾಣುತ್ತದೆ. ಹತ್ತು ಗಂಟೆಯಾದರೆ ಜಾತ್ರೆ! ಅಲ್ಲಿಂದ ಸನ್ನೆನ್‌ಝಾಕಾ, ನಿನೆನ್‌ಝಾಕಾ ಎಂಬ ಕಲ್ಲುಹಾಸಿನ ಬೀದಿಗಳಲ್ಲಿ ಇಳಿಯುತ್ತಾ ಯಾಸಕಾ ಗುಡಿ, ಗಿಯೊನ್ ಬಡಾವಣೆ ತಲುಪಬಹುದು. ನದಿ ದಾಟಿದರೆ ನಿಶಿಕಿ ಮಾರುಕಟ್ಟೆ. ಉಪ್ಪಿನಕಾಯಿ, ತೋಫು, ಚಾಕು ಮಾರುವ ಸಾಲು ಅಂಗಡಿಗಳು ನಮ್ಮಂಥ ಅಡುಗೆಮನೆ ಪ್ರಿಯರಿಗೆ ಹಬ್ಬ.

ಮಧ್ಯಾಹ್ನ ಸಂಜುಸಾಂಗೆನ್‌ದೊ ನೋಡಿ. ಉದ್ದನೆಯ ಮರದ ಭವನದಲ್ಲಿ 1001 ಕನ್ನನ್ ಮೂರ್ತಿಗಳು ಸಾಲಾಗಿ ನಿಂತಿವೆ. ಕನ್ನನ್ ಎಂದರೆ ನಮ್ಮ ಅವಲೋಕಿತೇಶ್ವರ! ಕಾವಲು ದೇವತೆಗಳ ನಡುವೆ ಗರುಡನೂ ಇದ್ದಾನೆ. ಹತ್ತಿಳಿಯುವ ಕಷ್ಟವಿಲ್ಲ, ಮಂಡಿನೋವಿನ ಅತ್ತೆಯವರನ್ನೂ ಧೈರ್ಯವಾಗಿ ಕರೆದೊಯ್ಯಬಹುದು.

ಎರಡನೇ ದಿನ: ದಕ್ಷಿಣ, ಆಮೇಲೆ ಒಂದು ಆಯ್ಕೆ

ಫುಶಿಮಿ ಇನಾರಿ ಕ್ಯೋಟೊ ನಿಲ್ದಾಣದಿಂದ ರೈಲಿನಲ್ಲಿ ಎರಡನೇ ಸ್ಟಾಪು. ಪ್ರವೇಶ ಉಚಿತ, ಹಗಲೂ ರಾತ್ರಿ ತೆರೆದಿರುತ್ತದೆ. ಸಾವಿರಾರು ಕೆಂಪು ತೋರಣದ್ವಾರಗಳ ಸಾಲು ಬೆಟ್ಟದ ತುದಿಯವರೆಗೂ ಸಾಗುತ್ತದೆ. ತುದಿ ಮುಟ್ಟಲೇಬೇಕೆಂಬ ಹಟ ಬೇಡ, ಸುಸ್ತಾದಲ್ಲಿಂದ ವಾಪಸಾಗಿ.

ಉಳಿದ ಹೊತ್ತಿಗೆ ಎರಡರಲ್ಲಿ ಒಂದು. ಬಂಗಾರದ ಹೊದಿಕೆಯ ಕಿಂಕಾಕುಜಿ ವಾಯವ್ಯದಲ್ಲಿದೆ, ಬಸ್ಸೇ ಗತಿ. 1950ರಲ್ಲಿ ಸುಟ್ಟುಹೋಗಿ 1955ರಲ್ಲಿ ಮತ್ತೆ ಕಟ್ಟಿದ್ದು. ಹತ್ತಿರದ ರ್‍ಯೋಆನ್‌ಜಿಯಲ್ಲಿ 15 ಕಲ್ಲುಗಳ ತೋಟ. ಎಲ್ಲಿ ಕೂತರೂ ಒಂದು ಕಲ್ಲು ಮರೆಯಾಗೇ ಇರುತ್ತದೆಯಂತೆ! ಇಲ್ಲವೇ ಪಶ್ಚಿಮದ ಅರಾಶಿಯಾಮಾ: ಬಿದಿರು ಮೆಳೆ, ನದಿ, ಸೇತುವೆ. ರೈಲಿನಲ್ಲಿ ಕಾಲು ಗಂಟೆ ಸಾಕು. ಮಕ್ಕಳಿದ್ದರೆ ಇದೇ ವಾಸಿ. ಬಿಟ್ಟದ್ದರ ಬಗ್ಗೆ ಕೊರಗಬೇಡಿ. ಎರಡನ್ನೂ ಹಿಡಿಯಹೋದರೆ ಎರಡೂ ಅರೆಬರೆ.

ನೆನಪಿರಲಿ

* ದಿನದ ಬಸ್ ಪಾಸನ್ನು 2024ರಲ್ಲಿ ನಿಲ್ಲಿಸಲಾಗಿದೆ. ಮೆಟ್ರೊ, ಬಸ್ ಎರಡಕ್ಕೂ ಸೇರಿದ ಪಾಸು ಸಿಗುತ್ತದೆ.
* ಅನೇಕ ಕಡೆ ಚಪ್ಪಲಿ ಕಳಚಬೇಕು. ಲೇಸಿನ ಶೂ ಬೇಡ, ತೂತಿಲ್ಲದ ಸಾಕ್ಸ್ ಇರಲಿ.
* ತರಕಾರಿ ಸೂಪಿನಲ್ಲೂ ಮೀನಿನ ಸಾರ ಇರಬಹುದು. ಸಸ್ಯಾಹಾರಿಗಳು ದೇಗುಲದ ಸಾತ್ವಿಕ ಊಟವಾದ 'ಶೋಜಿನ್ ರ್‍ಯೋರಿ' ಕೇಳಿ.
* ಗಿಯೊನ್‌ನ ಖಾಸಗಿ ಓಣಿಗಳಿಗೆ 2024ರಿಂದ ಪ್ರವಾಸಿಗರಿಗೆ ಪ್ರವೇಶವಿಲ್ಲ. ಗೇಯ್ಶಾಗಳ ಹಿಂದೆ ಕ್ಯಾಮೆರಾ ಹಿಡಿದು ಓಡಬೇಡಿ.
* ರಸ್ತೆಯಲ್ಲಿ ಕಸದ ಬುಟ್ಟಿ ಅಪರೂಪ, ಬ್ಯಾಗಿನಲ್ಲಿ ಒಂದು ಕವರ್ ಇರಲಿ.
* ದಿನಕ್ಕೊಂದು ಗಂಟೆ ಯಾವ ಪ್ಲಾನೂ ಇಲ್ಲದೆ ಬಿಡಿ. ಮನೆಯವರನ್ನೆಲ್ಲ ಹೊರಡಿಸುವ ಧಾವಂತದಲ್ಲಿ ನಿಮ್ಮ ಪಾಲಿನ ಪ್ರವಾಸ ತಪ್ಪಿಹೋಗಬಾರದಲ್ವೇ?